‘ರಾಗ ಎಳೆಯುವುದು’: ಅರ್ಥ ಏನು, ಎಲ್ಲಿಂದ ಬಂತು?

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಮೆರಿಕದ ದಕ್ಷಿಣ ಭಾಗದ ಒಬ್ಬ ಮುದುಕ ಬರುತ್ತಾನೆ. ಅವನು ಬಾಯಿ ತೆರೆದಾಗಲೆಲ್ಲ ಲೇಖಕರು ‘ಡ್ರಾಲ್’ ಎಂಬ ಪದ ಬಳಸುತ್ತಾರೆ. ಸ್ವರಗಳನ್ನು ಉದ್ದ ಮಾಡಿ, ನಿಧಾನವಾಗಿ ಮಾತಾಡುವುದು ಅಂತ ಅರ್ಥ. ನಮ್ಮಲ್ಲಿ ತಕ್ಷಣ ನೆನಪಾಗುವುದು ‘ರಾಗ ಎಳೆಯುವುದು’. ಹಾಗಾಗಿ ಕರಡಿನಲ್ಲಿ “‘ಬಾ, ಕೂತುಕೋ’ ಎಂದು ಅವನು ರಾಗ ಎಳೆದ” ಅಂತ ಇದೆ.

ಅದನ್ನು ಓದಿದ ಗೆಳತಿ ಕೇಳಿದಳು: “ಇವನಿಗೆ ನೆಂಟರು ಬಂದಿದ್ದು ಇಷ್ಟ ಇಲ್ವಾ?” ಕತೆಯಲ್ಲಿ ಮುದುಕ ತುಂಬು ಪ್ರೀತಿಯಿಂದ ಕರೆಯುತ್ತಿದ್ದಾನೆ! ಕನ್ನಡದಲ್ಲಿ ಮಾತ್ರ ಅದು ಒಲ್ಲದ ಮನಸ್ಸಿನ ಮಾತಾಗಿ ಕೇಳಿಸಿದೆ. ಹಾಗಾದರೆ ‘ರಾಗ ಎಳೆಯುವುದು’ ಅಂದರೆ ನಿಜಕ್ಕೂ ಏನು? ಸಂಗೀತದ ರಾಗಕ್ಕೂ ಇದಕ್ಕೂ ಸಂಬಂಧ ಇದೆಯಾ? ನಿಧಾನವಾದ, ಎಳೆದ ಮಾತಿಗೆ ಬೈಗುಳದ ವಾಸನೆ ಇಲ್ಲದ ಪದ ಯಾವುದಾದರೂ ಇದೆಯಾ?

ಬಯಲುಸೀಮೆ:
ನಿಮ್ಮ ಗೆಳತಿಗೆ ಅನಿಸಿದ್ದು ಸರಿಯಾಗಿಯೇ ಇದೆ ಮೇಡಂ. ನಮ್ಮ ಕಡೆ ಈ ಮಾತು ಬರುವುದೇ ಅಂಥ ಹೊತ್ತಿನಲ್ಲಿ. ಕೊಟ್ಟ ಸಾಲ ವಾಪಸ್ ಕೇಳಿದರೆ “ನೋಡೋ...ಣ, ಮುಂದಿನ ವಾ...ರ” ಅಂತಾನಲ್ಲ, ಅವನು ರಾಗ ಎಳೆಯುತ್ತಿದ್ದಾನೆ. ಮಗುವಿಗೆ ಹೋಂವರ್ಕ್ ಆಯ್ತಾ ಅಂತ ಕೇಳಿದರೆ “ಹೂಂ...” ಅನ್ನುತ್ತದೆ. ಆಗ “ಏನು ರಾಗ ಎಳೀತಿದ್ದೀಯ, ಆಯ್ತೋ ಇಲ್ವೋ ಹೇಳು” ಅಂತ ಗದರುತ್ತೇವೆ. ಇಲ್ಲಿ ಸದ್ದು ಉದ್ದವಾದದ್ದು ನೆಪ ಮಾತ್ರ. ಉತ್ತರ ಕೊಡಲು ಮನಸ್ಸಿಲ್ಲ ಅನ್ನೋದೇ ಮುಖ್ಯ.

‘ರಾಗ ತೆಗೆ’ ಬೇರೆ. ಅದು ಅಳುವಿಗೆ, ಗೋಳಿಗೆ ಸೇರಿದ್ದು. “ಸಣ್ಣದಕ್ಕೂ ರಾಗ ತೆಗೀತಾನೆ” ಅಂದರೆ ಗೋಳಾಡೋದಕ್ಕೆ ಶುರು ಮಾಡುತ್ತಾನೆ ಅಂತ. ‘ಅದೇ ರಾಗ ಅದೇ ಹಾಡು’ ಇನ್ನೊಂದು, ಹೇಳಿದ್ದನ್ನೇ ಹೇಳುವುದಕ್ಕೆ. ಮೂರನ್ನೂ ಕಲಸಿಬಿಟ್ಟರೆ ಕಷ್ಟ.

ಧಾರವಾಡದ ಕಡೆ ರಾಗದ ಹಂಗಿಲ್ಲದೆ “ಯಾಕ್ ಹಂಗ ಎಳದೆಳದು ಮಾತಾಡ್ತಿ?” ಅಂತಲೂ ಕೇಳುತ್ತಾರೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಮಾತಿನ ರೀತಿ ಜಾಸ್ತಿ. ನಿಮಗೆ ಬೇಕಾಗಿರುವುದು ಅದೇ ಇರಬಹುದು.

ಶ್ರುತಿಪೆಟ್ಟಿಗೆ:
ಸಂಗೀತದ ಕಡೆಯಿಂದ ನನ್ನ ಮಾತು.

‘ರಾಗ’ ಸಂಸ್ಕೃತದ ‘ರಂಜ್’ ಎಂಬ ಧಾತುವಿನಿಂದ ಬಂದದ್ದು. ಬಣ್ಣ ಹಚ್ಚುವುದು, ಬಣ್ಣ ಏರುವುದು ಅಂತ ಅದರ ಮೂಲ ಅರ್ಥ. ‘ರಂಗು’, ‘ರಂಜನೆ’, ‘ಅನುರಾಗ’ ಎಲ್ಲ ಅದೇ ಬಳಗ. ಬಣ್ಣದಿಂದ ಮನಸ್ಸಿನ ಒಲವಿಗೆ, ಒಲವಿನಿಂದ ಕಿವಿಯನ್ನು ಒಲಿಸುವ ಸ್ವರಗಳ ಜೋಡಣೆಗೆ ಅರ್ಥ ಸಾಗಿದೆ. ಹಾಗಾಗಿ ಮೂಲದಲ್ಲಿ ‘ಉದ್ದ ಮಾಡು’ ಅನ್ನುವ ಸುಳಿವೇ ಇಲ್ಲ.

ಮತ್ತೆ ಎಳೆತ ಎಲ್ಲಿಂದ ಬಂತು? ಆಲಾಪನೆಯಿಂದ ಬಂದಿರಬೇಕು ಅಂತ ನನ್ನ ನಂಬಿಕೆ. ಕಛೇರಿಯಲ್ಲಿ ಸಾಹಿತ್ಯಕ್ಕೆ ಮುಂಚೆ ಗಾಯಕರು ಬರೀ ‘ಆ’ಕಾರದಲ್ಲಿ, ಇಲ್ಲವೇ ತದರಿನ ಅಂತ ರಾಗವನ್ನು ಬಿಡಿಸುತ್ತಾರೆ. ತಾಳ ಇಲ್ಲ, ಅವಸರ ಇಲ್ಲ. ಒಂದೇ ಸ್ವರದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಸಂಗೀತದ ಪರಿಚಯ ಇಲ್ಲದ ಕಿವಿಗೆ ರಾಗ ಅಂದರೆ ಇದೇ: ಪದ ಮುಂದೆ ಹೋಗುತ್ತಿಲ್ಲ, ದನಿ ಮಾತ್ರ ಉದ್ದ ಆಗುತ್ತಿದೆ. ಸಾಲ ತೀರಿಸದವನ “ನೋಡೋ...ಣ” ಕೂಡ ಹಾಗೇ ಅಲ್ವಾ? ದನಿ ಇದೆ, ವಿಷಯ ಹೊರಗೆ ಬರುತ್ತಿಲ್ಲ.

ಹಿಂದಿಯಲ್ಲಿ ‘ಅಪನಾ ರಾಗ್ ಅಲಾಪನಾ’ ಅಂತ ಒಂದು ನುಡಿಗಟ್ಟು ಇದೆ. ಯಾರು ಏನು ಹೇಳಿದರೂ ಕೇಳದೆ ತನ್ನದೇ ಕತೆ ಹೇಳುವುದಕ್ಕೆ ಅದನ್ನು ಬಳಸುತ್ತಾರೆ. ಅದೇ ಸಂಗೀತದಿಂದ ಹಿಂದಿಯವರು ಹಟ ಕಂಡುಕೊಂಡರು, ನಾವು ಹಿಂಜರಿಕೆ ಕಂಡುಕೊಂಡೆವು.

ಒಂದು ವಿಷಯ ನನಗೆ ನೋವು ತರುತ್ತದೆ. ಗಮಕದಲ್ಲಿ ಕುಮಾರವ್ಯಾಸನ ಪದ್ಯ ಓದುವಾಗ ರಾಗ ಇರುತ್ತದೆ, ತಾಳ ಇರುವುದಿಲ್ಲ. ಅಲ್ಲಿ ಎಳೆಯುವುದು ಅರ್ಥ ತಿಳಿಯಲಿ ಅಂತ. ಪದ ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ತಡೆಯಬೇಕು ಅನ್ನುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಅಂಥ ಕಲೆಯನ್ನೂ “ಏನೋ ರಾಗ ಎಳೀತಾರೆ” ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡುವವರು ಇದ್ದಾರೆ.

ಮಾತ್ರೆಗಣ:
ಶ್ರುತಿಪೆಟ್ಟಿಗೆ ಅವರು ರಾಗದ ಕಡೆ ನೋಡಿದರು. ನಾನು ‘ಎಳೆ’ಯ ಕಡೆ ನೋಡುತ್ತೇನೆ.

ಈಗ ನಾವು ‘ಎಳೆ’ ಅಂತ ಒಂದೇ ಥರ ಬರೆಯುವ ಪದಗಳು ಹಳಗನ್ನಡದಲ್ಲಿ ಬೇರೆ ಬೇರೆ. ಜಗ್ಗುವುದು ಎಂಬ ಅರ್ಥದ್ದು ‘ಎೞೆ’. ೞ ಅಂದರೆ ಈಗ ಬಳಕೆಯಲ್ಲಿ ಇಲ್ಲದ ಹಳೆಯ ಅಕ್ಷರ. ತಮಿಳಿನ ‘ಇೞು’ ಅದರ ಒಡಹುಟ್ಟು. ಎಳೆಯ ಮಗು, ಎಳನೀರು ಅನ್ನುವಾಗ ಬರುವ ‘ಎಳ’ದಲ್ಲಿ ಮಾಮೂಲಿ ಳಕಾರವೇ ಇತ್ತು, ತಮಿಳಿನ ‘ಇಳ’ದ ಹಾಗೆ. ೞ ಕನ್ನಡದ ಬಾಯಿಂದ ನಿಧಾನಕ್ಕೆ ಜಾರಿಹೋಯಿತು. 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಯಾವ ಯಾವ ಪದದಲ್ಲಿ ೞ ಬರುತ್ತದೆ ಅಂತ ಪಟ್ಟಿಯನ್ನೇ ಕೊಡುತ್ತಾನೆ. ಆ ಹೊತ್ತಿಗೆ ಜನ ಅದನ್ನು ಬೆರೆಸುತ್ತಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ‘ರಾಗ ಎಳೆ’ಯಲ್ಲಿ ಒಂದು ಪದ ಸಂಸ್ಕೃತದ್ದು, ಇನ್ನೊಂದು ಅಚ್ಚ ದ್ರಾವಿಡ. ತಮಿಳಿನಲ್ಲೂ ‘ಇೞುತ್ತು ಪೇಸು’ ಅಂದರೆ ಎಳೆದು ಮಾತಾಡು ಅಂತಲೇ.

ಇನ್ನು ದನಿಯ ಉದ್ದ. ಈ ವಿಷಯದಲ್ಲಿ ನಮ್ಮ ಹಿಂದಿನವರ ಕಿವಿ ಎಷ್ಟು ಚುರುಕಾಗಿತ್ತು ಅಂತ ನೆನೆದರೆ ಖುಷಿಯಾಗುತ್ತದೆ. ಒಂದು ಮಾತ್ರೆಯದು ಹ್ರಸ್ವ, ಎರಡರದು ದೀರ್ಘ, ಮೂರರದು ಪ್ಲುತ. ಪಾಣಿನಿ ಇದನ್ನು ಉ, ಊ, ಊ೩ ಅನ್ನುವ ಮೂರು ಕಾಲಗಳಿಂದ ತೋರಿಸುತ್ತಾನೆ. ಕೋಳಿಯ ಕೂಗಿನಲ್ಲಿ ಈ ಮೂರೂ ಸಾಲಾಗಿ ಕೇಳುತ್ತವೆ ಅಂತ ಪಾಠ ಹೇಳುವವರು ವಿವರಿಸುತ್ತಾರೆ. ಉಚ್ಚಾರಣೆಯ ಪಾಠ ಹೇಳುವ ‘ಪಾಣಿನೀಯ ಶಿಕ್ಷೆ’ ಎಂಬ ಪುಸ್ತಕ ಇನ್ನೂ ಸೊಗಸು: ಚಾಷ ಹಕ್ಕಿ ಕೂಗುವುದು ಒಂದು ಮಾತ್ರೆ, ಕಾಗೆ ಎರಡು, ನವಿಲು ಮೂರು, ಮುಂಗುಸಿ ಅರ್ಧ. ಚಾಷ ಅಂದರೆ ನೀಲಕಂಠ, ನಮ್ಮ ರಾಜ್ಯದ ಹಕ್ಕಿ.

ಪ್ಲುತ ಎಲ್ಲಿ ಬರುತ್ತದೆ? ದೂರದಲ್ಲಿ ಇರುವವರನ್ನು ಕರೆಯುವಾಗ. ಹೈಸ್ಕೂಲ್ ವ್ಯಾಕರಣದಲ್ಲಿ “ಅಣ್ಣಾ೩” ಓದಿದ್ದು ನೆನಪಿರಬಹುದು. ಅಂದರೆ ದನಿ ಎಳೆಯುವುದಕ್ಕೆ ವ್ಯಾಕರಣದಲ್ಲೇ ಗೌರವದ ಜಾಗ ಇತ್ತು.

ಆದರೆ ಅದೇ ಶಿಕ್ಷೆ ಕೆಟ್ಟದಾಗಿ ಓದುವ ಆರು ಜನರನ್ನೂ ಹೆಸರಿಸುತ್ತದೆ: “ಗೀತೀ ಶೀಘ್ರೀ ಶಿರಃಕಂಪೀ ತಥಾ ಲಿಖಿತಪಾಠಕಃ। ಅನರ್ಥಜ್ಞೋಽಲ್ಪಕಂಠಶ್ಚ ಷಡೇತೇ ಪಾಠಕಾಧಮಾಃ।” ಮೊದಲನೆಯವನೇ ‘ಗೀತೀ’, ಹಾಡಿದ ಹಾಗೆ ರಾಗವಾಗಿ ಓದುವವನು. ಅವನ ಪಕ್ಕದಲ್ಲೇ ‘ಶೀಘ್ರೀ’, ಬಡಬಡ ಓದುವವನು. ನಿಧಾನವಾಗಿ ಓದುವವನು ಮಾತ್ರ ಆ ಆರರಲ್ಲಿ ಇಲ್ಲ.

ಕಡಲತಡಿ:
ಈ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ರಾಗ ಬೇರೆ, ನಿಧಾನ ಬೇರೆ.

ಕರಾವಳಿಯ ಕನ್ನಡ ಕೇಳಿದವರೆಲ್ಲ “ನಿಮ್ಮದು ರಾಗ ರಾಗ” ಅನ್ನುತ್ತಾರೆ. “ಎಂತ ಮಾರಾಯ್ರೇ” ಅನ್ನುವಾಗ ದನಿ ಏರಿ ಇಳಿಯುವುದು ನಿಜ. ಆದರೆ ಅದು ನಿಧಾನ ಅಲ್ಲ. ಕುಂದಾಪ್ರ ಕನ್ನಡ ತೆಗೆದುಕೊಳ್ಳಿ. ‘ಹೋಗಬೇಕು’ ಅನ್ನುವುದು ‘ಹೋಯ್ಕ್’, ‘ಬರಬೇಕು’ ಅನ್ನುವುದು ‘ಬರ್ಕ್’. ನಾಲ್ಕು ಅಕ್ಷರದ ಮಾತು ಒಂದೇ ಉಸಿರಿಗೆ ಮುಗಿಯಿತು! ಇಷ್ಟು ಬಿಗಿಯಾದ ಮಾತಿಗೂ ಹೊರಗಿನವರು ರಾಗ ಅಂತಲೇ ಕರೆಯುತ್ತಾರೆ.

ಆದ್ದರಿಂದ ‘ರಾಗ’ಕ್ಕೆ ಎರಡು ಬಳಕೆ ಇದೆ ಅಂತ ನನ್ನ ವಾದ. ಒಂದು, ದನಿಯ ಏರಿಳಿತ. ಅದು ಊರಿಗೆ ಸೇರಿದ್ದು, ಅದರಲ್ಲಿ ತಪ್ಪು ಒಪ್ಪು ಇಲ್ಲ. ಇನ್ನೊಂದು, ದನಿಯನ್ನು ಹಿಗ್ಗಿಸಿ ಹೊತ್ತು ಕಳೆಯುವುದು. ಅದು ಆ ಗಳಿಗೆಯ ಮನಸ್ಸಿಗೆ ಸೇರಿದ್ದು. ‘ಎಳೆ’ ಸೇರಿದರೆ ಮಾತ್ರ ಎರಡನೆಯ ಅರ್ಥ ಗಟ್ಟಿ ಆಗುತ್ತದೆ. “ಅವರ ಮಾತಿಗೆ ಒಂದು ರಾಗ ಇದೆ” ಅಂದರೆ ಹೊಗಳಿಕೆಯೂ ಆಗಬಹುದು. “ರಾಗ ಎಳೀತಾರೆ” ಹೊಗಳಿಕೆ ಆಗುವುದೇ ಇಲ್ಲ.

ತನ್ನ ಮಾತಿನಲ್ಲಿ ರಾಗ ಇದೆ ಅಂತ ಯಾರಿಗೂ ಅನಿಸುವುದಿಲ್ಲ, ಗಮನಿಸಿ. ಅದು ಯಾವಾಗಲೂ ಪಕ್ಕದ ಸೀಮೆಯವರದ್ದೇ.

ಅನುವಾದಕಿ:
ತುಂಬಾ ಉಪಯೋಗ ಆಯಿತು. ಹಾಗಾದರೆ ಇಂಗ್ಲಿಷಿನ ಪದದ ಕತೆ ಏನು? ಅಲ್ಲೂ ಬೈಗುಳ ಇತ್ತಾ?

ಬೇರುಹುಡುಕ:
ಇತ್ತು. ‘ಡ್ರಾಲ್’ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು 16ನೇ ಶತಮಾನದ ಕೊನೆಯಲ್ಲಿ. ಅದರ ಹುಟ್ಟಿನ ಬಗ್ಗೆ ಎರಡು ದಾರಿ ತೋರಿಸುತ್ತಾರೆ. ಒಂದು, ಡಚ್ಚಿನ ‘ಡ್ರಾಲನ್’, ಅಂದರೆ ತಡ ಮಾಡು, ಹಿಂದೆ ಮುಂದೆ ನೋಡು. ಇನ್ನೊಂದು, ಇಂಗ್ಲಿಷಿನದೇ ಆದ ‘ಡ್ರಾ’, ಅಂದರೆ ಎಳೆ. ಅದರ ಕೊನೆಗೆ ಲಕಾರ ಸೇರಿ, ಮತ್ತೆ ಮತ್ತೆ ಎಳೆ ಅನ್ನುವ ಅರ್ಥ ಬಂತು ಅನ್ನುತ್ತಾರೆ. ಎರಡೂ ಬೇರಿನಲ್ಲಿ ಸಂಬಂಧಿಕರೇ ಇರಬಹುದು.

ಎರಡನ್ನೂ ಪಕ್ಕಪಕ್ಕ ಇಡಿ. ಒಂದು ತಡ, ಒಂದು ಎಳೆತ. ಇಲ್ಲಿ ಬಯಲುಸೀಮೆಯವರು ಹೇಳಿದ್ದೂ ಅದೇ ಜೋಡಿ! ಫ್ರೆಂಚರು ಇಂಥ ದನಿಗೆ ‘ವ್ವಾ ತ್ರೆನಾಂತ್’ ಅನ್ನುತ್ತಾರೆ, ನೆಲದ ಮೇಲೆ ಎಳೆದುಕೊಂಡು ಹೋಗುವ ದನಿ. ಹಿಂದಿಯಲ್ಲಿ ‘ಖೀಂಚ್ ಕರ್ ಬೋಲನಾ’. ತೆಲುಗಿನಲ್ಲಿ ‘ಸಾಗದೀಸಿ ಮಾಟ್ಲಾಡಡಂ’, ಇಲ್ಲವೇ ‘ದೀರ್ಘಾಲು ತೀಯಡಂ’. ದೀರ್ಘ ತೆಗೆಯುವುದು! ಮಲಯಾಳದಲ್ಲಿ ‘ನೀಟ್ಟಿ ಪರಯುಕ’. ಮರಾಠಿಯವರು ಮಾತ್ರ ‘ಹೇಲ್ ಕಾಢಣೆ’ ಅಂತ ದನಿಯ ತೂಗಾಟವನ್ನು ಹಿಡಿದಿದ್ದಾರೆ, ನಮ್ಮ ರಾಗದ ಹತ್ತಿರ ಹತ್ತಿರ.

ಅಮೆರಿಕದ ದಕ್ಷಿಣಕ್ಕೆ ಬಂದರೆ, ಅಲ್ಲಿ ಆಗುವುದು ಬರೀ ಉದ್ದ ಅಲ್ಲ. ಸ್ವರ ಒಡೆಯುತ್ತದೆ. ‘ಬೆಡ್’ ಅನ್ನುವುದು ‘ಬೆಯಡ್’ ಥರ ಕೇಳುತ್ತದೆ. ಒಂದು ಸ್ವರ ಎರಡಾಗಿ, ಕೆಲವು ಸಲ ಮೂರಾಗಿ ಹಿಗ್ಗುತ್ತದೆ. ಇನ್ನೊಂದು ಕಡೆ ‘ಟೈಮ್’ ಅನ್ನುವ ಜೋಡಿಸ್ವರ ಚಪ್ಪಟೆಯಾಗಿ ‘ಟಾಮ್’ ಆಗುತ್ತದೆ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮತ್ತು ಜೊತೆಗಾರರು 2006ರಲ್ಲಿ ಹೊರತಂದ ಉತ್ತರ ಅಮೆರಿಕದ ಇಂಗ್ಲಿಷಿನ ನಕಾಶೆಯಲ್ಲಿ ಆ ಸೀಮೆಯನ್ನು ಗುರುತಿಸಲು ಈ ‘ಐ’ ಬದಲಾವಣೆಯನ್ನೇ ಮುಖ್ಯವಾಗಿ ಹಿಡಿದಿದ್ದಾರೆ. ಕೇಳುವವರಿಗೆ ಸೋಮಾರಿತನದ ಹಾಗೆ ಕಾಣುವುದು ನಿಜವಾಗಿ ಸ್ವರಗಳ ಇಡೀ ವ್ಯವಸ್ಥೆ ಬೇರೆ ಆಗಿರುವುದು. ಆ ಜನರನ್ನು ಮಂದಬುದ್ಧಿಯವರು ಅಂತ ಹಂಗಿಸಲು ಈ ಪದವನ್ನು ಎಷ್ಟೋ ಸಲ ಬಳಸಿದ್ದಾರೆ. ಅದು ಅನ್ಯಾಯ.

ಮಾತ್ರೆಗಣ:
ಇದನ್ನು ಓದಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ನನಗೆ ಇದೇ ಈ ಚರ್ಚೆಯ ತಿರುಳು ಅನಿಸುತ್ತದೆ. ಇಂಗ್ಲಿಷಿನ ಮುದುಕ ‘ಬೆಡ್’ನ ನಡುವಿನ ಸ್ವರವನ್ನು ಎಳೆಯಬಹುದು. ಕನ್ನಡದವರು ಹಾಗೆ ಎಳೆಯುವ ಹಾಗಿಲ್ಲ. ಮರವನ್ನು ಎಳೆದರೆ ಮಾರ ಆಗುತ್ತದೆ. ಕರು ಕಾರಾಗುತ್ತದೆ. ಬಿಡು ಬೀಡಾಗುತ್ತದೆ. ಅಡು ಆಡಾಗುತ್ತದೆ. ನಮ್ಮಲ್ಲಿ ಹ್ರಸ್ವ ದೀರ್ಘ ಅರ್ಥವನ್ನೇ ಬೇರೆ ಮಾಡುತ್ತವೆ, ಅದೂ ಹೆಚ್ಚಾಗಿ ಪದದ ಮೊದಲ ಅಕ್ಷರದಲ್ಲಿ.

ಹಾಗಾದರೆ ಕನ್ನಡಿಗರು ರಾಗ ಎಳೆಯುವುದು ಎಲ್ಲಿ? ಕಿವಿಗೊಟ್ಟು ಕೇಳಿ. ಪದದ ಕೊನೆಯಲ್ಲಿ. “ನಾನು ಬರ್ತೀನೀ...”, “ಅವನು ಹೇಳ್ದಾ...”, ಶಾಲೆ ಮಕ್ಕಳು ಒಟ್ಟಿಗೆ ಹೇಳುವ “ನಮಸ್ತೇ...”. ಅಥವಾ ಮೊದಲೇ ದೀರ್ಘ ಇರುವ ಕಡೆ: “ದೂ...ರ”. ಮೊದಲಕ್ಷರದ ಹ್ರಸ್ವವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅರ್ಥ ಕೆಡುತ್ತದೆ ಅಂತ ನಾಲಿಗೆಗೇ ಗೊತ್ತು.

ಬಯಲುಸೀಮೆ:
ಒಪ್ಪಲು ಸ್ವಲ್ಪ ಕಷ್ಟ. “ತುಂ...ಬ ಚೆನ್ನಾಗಿದೆ” ಅಂತೀವಿ. “ಎಂ...ಥಾ ಮಳೆ” ಅಂತೀವಿ. ಅಲ್ಲಿ ಮೊದಲಕ್ಷರವೇ ಎಳೆದಿದ್ದು.

ಮಾತ್ರೆಗಣ:
ನಿಮ್ಮ ಉದಾಹರಣೆ ಚೆನ್ನಾಗಿದೆ. ಆದರೆ ಅಲ್ಲಿ ಉದ್ದ ಆಗಿದ್ದು ಉಕಾರ ಅಲ್ಲ, ಅನುಸ್ವಾರ. ಮಕಾರವನ್ನು ತುಟಿ ಮುಚ್ಚಿ ಹಿಡಿದಿಟ್ಟಿದ್ದೀರಿ. ‘ತೂಂಬ’ ಅಂತ ಯಾರೂ ಅನ್ನುವುದಿಲ್ಲ. “ಒಳ್ಳ್ಳೇ ಮನುಷ್ಯ” ಅನ್ನುವಾಗಲೂ ಹಾಗೇ. ಒಕಾರ ಹ್ರಸ್ವವಾಗಿಯೇ ಉಳಿದು ಒತ್ತಕ್ಷರ ಹಿಗ್ಗಿತು. ಸ್ವರ ಎಳೆಯಲಾಗದ ಕಡೆ ಕನ್ನಡ ವ್ಯಂಜನವನ್ನು ಎಳೆಯುತ್ತದೆ.

ಕೊನೆಯ ಅಕ್ಷರ ಕೂಡ ಪೂರ್ತಿ ಖಾಲಿ ಇಲ್ಲ. ‘ಬಂದನಾ’ ಪ್ರಶ್ನೆ, ‘ಅವನೇ’ ಒತ್ತು, ‘ಯಾರೋ’ ಸಂಶಯ, ‘ಅವನೂ’ ಸೇರ್ಪಡೆ. ಈ ಎಲ್ಲ ಕೆಲಸವನ್ನು ಕೊನೆಯ ದೀರ್ಘವೇ ಮಾಡುತ್ತದೆ. ರಾಗ ಎಳೆದ ಮಾತು ನಮ್ಮ ಕಿವಿಗೆ ಅನುಮಾನದ ಹಾಗೆ, ಹಿಂಜರಿಕೆಯ ಹಾಗೆ ಕೇಳುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಪ್ರಶ್ನೆ ಮತ್ತು ಸಂಶಯ ಕೂತುಕೊಳ್ಳುವ ಜಾಗದಲ್ಲೇ ಎಳೆತವೂ ಕೂತಿದೆ.

ಮೆಲುದನಿ:
ಚರ್ಚೆಯ ದಾರಿಗೆ ಅಡ್ಡ ಬರುತ್ತಿದ್ದೇನೆ, ಆದರೆ ಹೇಳಲೇಬೇಕು. ನಾನು ಮಾತಿನ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಉಗ್ಗುವಿಕೆ ಅಂದರೆ ಅಕ್ಷರ ಮತ್ತೆ ಮತ್ತೆ ಬರುವುದು ಅಂತ ಮಾತ್ರ ಜನ ತಿಳಿದಿದ್ದಾರೆ. ಸದ್ದು ಎಳೆದುಕೊಂಡು ಹೋಗುವುದೂ ಉಗ್ಗೇ, ಸದ್ದೇ ಬರದೆ ತಡೆದು ನಿಲ್ಲುವುದೂ ಉಗ್ಗೇ. “ಸ್ಸ್ಸ್...ಸಾರ್” ಅನ್ನುವ ಮಗುವಿಗೆ “ರಾಗ ಎಳೀಬೇಡ” ಅಂದರೆ ಅದು ಬಾಯಿಯನ್ನೇ ಮುಚ್ಚಿಬಿಡುತ್ತದೆ. ಚಿಕಿತ್ಸೆಯಲ್ಲಿ ನಾವೇ ಎಷ್ಟೋ ಸಲ ಸ್ವರಗಳನ್ನು ಹಿಗ್ಗಿಸಿ, ನಿಧಾನವಾಗಿ ಮಾತು ಶುರು ಮಾಡುವುದನ್ನು ಕಲಿಸುತ್ತೇವೆ. ಕಷ್ಟಪಟ್ಟು ಕಲಿತ ಆ ಮಾತಿಗೆ ತರಗತಿಯಲ್ಲಿ ನಗು ಬಿದ್ದರೆ ಅಷ್ಟೂ ಶ್ರಮ ನೀರುಪಾಲು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದಕ್ಕೆ ಸಹಾಯ ಸಿಗುತ್ತದೆ.

ದೊಡ್ಡವರಲ್ಲಿ ಯಾರದಾದರೂ ಮಾತು ಇದ್ದಕ್ಕಿದ್ದಂತೆ ಎಳೆಯತೊಡಗಿದರೆ, ತೊದಲತೊಡಗಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಾರ್ಶ್ವವಾಯುವಿನ ಮೊದಲ ಗುರುತು ಅದೇ ಆಗಿರಬಹುದು.

ಕಡಲತಡಿ:
ಹೇಳಿದ್ದು ಒಳ್ಳೆಯದಾಯಿತು ಮೇಡಂ.

ಹೊಸಪದ:
ಅನುವಾದಕಿ ಅವರ ಮೂರನೇ ಪ್ರಶ್ನೆ ಹಾಗೇ ಉಳಿದಿದೆ, ಒಂದೇ ಪದ ಬೇಕು ಅಂತ. ತೊದಲು, ಉಗ್ಗು, ಗೊಣಗು, ಮುಲುಗು, ಪಿಸುಗುಟ್ಟು, ಬಡಬಡಿಸು, ಗಳಹು, ಒದರು. ಕನ್ನಡದಲ್ಲಿ ಮಾತಿನ ರೀತಿಗೆ ಇಷ್ಟೊಂದು ಪದ ಇದ್ದೂ ಇದಕ್ಕೆ ಒಂದಿಲ್ಲ. ನನ್ನ ಸಲಹೆ ‘ನೀಳ್ನುಡಿ’. ‘ನೀಳ್’ ಅಂದರೆ ಉದ್ದ ಆಗು. ಮಲಯಾಳದ ‘ನೀಟ್ಟಿ’ ಅದೇ ಬೇರಿನದು. ನಮ್ಮ ‘ನೀಡು’ ಕೂಡ ಮೊದಲು ಕೈ ಚಾಚು ಅಂತ ಇದ್ದು, ಆಮೇಲೆ ಕೊಡು ಅಂತಾಯಿತು. ನಿಡುಸುಯ್, ನಿಡುದನಿ ಹಳೆಯ ಪದಗಳೇ.

ಬಯಲುಸೀಮೆ:
ಪದ ಚಂದ ಇದೆ. ಆದರೆ ನೀಳ್ಗತೆ ಅಂದರೆ ಉದ್ದ ಕತೆ. ಅದೇ ಜಾಡಿನಲ್ಲಿ ನೀಳ್ನುಡಿ ಅಂದರೆ ಉದ್ದ ಭಾಷಣ ಅಂತ ಓದುಗ ಅಂದುಕೊಳ್ಳುತ್ತಾನೆ. ಕತೆಯ ನಡುವೆ ಹೊಸ ಪದ ತಂದರೆ ಓದುಗನ ಗಮನ ಮುದುಕನನ್ನು ಬಿಟ್ಟು ಪದದ ಮೇಲೆ ಹೋಗುತ್ತದೆ.

ಶ್ರುತಿಪೆಟ್ಟಿಗೆ:
‘ನಿಧಾನ’ವನ್ನೇ ಯಾಕೆ ನಂಬಬಾರದು? ‘ನಿಧಿ’ಯ ಜೊತೆ ಹುಟ್ಟಿದ ಪದ ಅದು. ಸಂಸ್ಕೃತದಲ್ಲಿ ಜೋಪಾನವಾಗಿ ಇಡುವುದು, ಇಟ್ಟ ಸಂಪತ್ತು ಅಂತೆಲ್ಲ ಅರ್ಥ. ಕನ್ನಡದಲ್ಲಿ ಅವಸರ ಇಲ್ಲದಿರುವುದು ಅಂತಾಗಿದೆ, ಮತ್ತು ಅದರಲ್ಲಿ ಮೆಚ್ಚುಗೆ ಇದೆ. “ನಿಧಾನಸ್ಥರು” ಅಂದರೆ ಗೌರವ. ಮುದುಕನ ಪ್ರೀತಿಗೆ ಅದು ಹೊಂದುತ್ತದೆ.

ಅನುವಾದಕಿ:
ಎಲ್ಲರಿಗೂ ಕೈಮುಗಿದೆ. ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಮುದುಕ ಮೊದಲ ಸಲ ಬರುವ ಕಡೆ ವಿವರವಾಗಿ: “ಅವನು ಒಂದೊಂದು ಮಾತಿನ ಕೊನೆಯನ್ನೂ ಬಿಡಲು ಮನಸ್ಸಿಲ್ಲದವನ ಹಾಗೆ, ನಿಧಾನವಾಗಿ ಎಳೆದು ಮಾತಾಡುತ್ತಿದ್ದ.” ಆಮೇಲೆ ಬರೀ ‘ಎಂದ’. ಮಾತಿನಲ್ಲೇ ಎಳೆತ ಕಾಣಲಿ ಅಂತ “ಬಾರಪ್ಪಾ... ಕೂತ್ಕೋ...” ಅಂತ ಇಟ್ಟೆ. ಆದರೆ ಈ ಚುಕ್ಕಿಗಳು ತಡವರಿಕೆಯ ಹಾಗೆ ಕಾಣುತ್ತಿವೆ. ಬೇರೆ ದಾರಿ ಇದೆಯಾ? ‘ರಾಗ ಎಳೆದ’ ಅನ್ನುವುದನ್ನು ಪೂರ್ತಿ ಬಿಟ್ಟಿಲ್ಲ. ಮುದುಕನ ಅಳಿಯ ಜಮೀನಿನ ವಿಷಯಕ್ಕೆ ನುಣುಚಿಕೊಳ್ಳುವ ಜಾಗದಲ್ಲಿ ಅದು ಸರಿಯಾಗಿ ಕೂತಿದೆ.

ಮಾತ್ರೆಗಣ:
ಅಳಿಯನಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಚುಕ್ಕಿ ಬೇಡ. ಚುಕ್ಕಿ ಅಂದರೆ ದನಿ ನಿಂತಿತು ಅಂತ. ನಿಮಗೆ ಬೇಕಾಗಿರುವುದು ದನಿ ಮುಂದುವರಿಯುವ ಗುರುತು. ಅದು ಕನ್ನಡದಲ್ಲಿ ಇದೆ: ಅವಗ್ರಹ, ಽ. ಸಂಗೀತದ ಪುಸ್ತಕ, ಹಾಡಿನ ಪುಸ್ತಕಗಳಲ್ಲಿ ಎಳೆಯುವ ಕಡೆ ಅದನ್ನೇ ಹಾಕುತ್ತಾರೆ. ಯೂನಿಕೋಡ್‌ನಲ್ಲೂ ಇದೆ, ಅಚ್ಚಿಗೆ ತೊಂದರೆ ಆಗದು. “ಬಾರಪ್ಪಾಽ, ಕೂತ್ಕೋಽ” ಅಂತ ಬರೆಯಿರಿ. ‘ಬಾ’ಕ್ಕೆ ಹಾಕಬೇಡಿ, ‘ಕೂ’ಗೂ ಬೇಡ. ಕೊನೆಗೆ ಮಾತ್ರ. ಒಂದು ಪದಕ್ಕೆ ಒಂದೇ ಸಾಕು. ಎರಡು ಹಾಕಿದರೆ ಮುದುಕ ಗದ್ದೆಯ ಆಚೆಯಿಂದ ಕೂಗುತ್ತಿದ್ದಾನೆ ಅನಿಸುತ್ತದೆ.